ಬಂಡೆಬೆಟ್ಟದ ಹಳದಿ ಕೊರಳು

ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಬೆಂಗಳೂರಿನ ಜಯನಗರ, ಜೆ.ಪಿ. ನಗರದ ಮನೆಯಂಗಳದಲ್ಲಿ ಬೆಳಗಾಗುತ್ತಲೇ ಗದ್ದಲವೆಬ್ಬಿಸುವ ಕೆಮ್ಮೀಸೆ ಪಿಕಳಾರದ ಬಂಧುವೇ ಆದರೂ ಇದು ಊರಿಗೆ ಇಳಿಯುವ ಪೈಕಿಯಲ್ಲ. ಇದನ್ನು ನೋಡಬೇಕೆಂದರೆ ಬನಶಂಕರಿಯಿಂದ ನಸುಕಿನಲ್ಲೇ ಹೊರಟು ರಾಮನಗರದ ಬೆಟ್ಟಗಳನ್ನೋ ಮಾಗಡಿ ಬಳಿಯ ಸಾವನದುರ್ಗವನ್ನೋ ಸೇರಬೇಕು. ನಂದಿಬೆಟ್ಟ, ದೇವರಾಯನದುರ್ಗಗಳಲ್ಲೂ ಉಂಟು. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿದೆ. ಕಾಗದದ ಮೇಲಾದರೂ ಹಕ್ಕಿ ಹತ್ತಿರವಾಯಿತು.

ಉದ್ದ ಸುಮಾರು 20 ಸೆಂ.ಮೀ. ಜುಟ್ಟಿಲ್ಲ. ಬೆನ್ನು ಹಸಿರು ಬೆರೆತ ಬೂದು, ಎದೆ-ಹೊಟ್ಟೆ ತಿಳಿಬೂದು. ತಲೆ, ಕೊರಳು ಮತ್ತು ಬಾಲದ ಬುಡದಡಿ ಹಳದಿ. ಗಂಡು ಹೆಣ್ಣುಗಳಲ್ಲಿ ಭೇದ ಕಾಣದು. ಬಂಡೆಯ ಮರೆಗೆ ಹಾರುವಾಗ ಬಾಲದ ತುದಿಯ ಮಾಸಲು ಬಿಳುಪು ಕ್ಷಣಕಾಲ ಬಿಚ್ಚಿಕೊಳ್ಳುತ್ತದೆ. ಬಲು ಸಂಕೋಚದ ಈ ಹಕ್ಕಿಯಲ್ಲಿ ಎಷ್ಟೋ ಸಲ ಕಾಣಸಿಗುವುದು ಅಷ್ಟೇ. ದನಿಯನ್ನು ನೆಚ್ಚಿಕೊಂಡರೂ ಎಡವಟ್ಟೇ. ಅದೇ ಪೊದೆಗಳಲ್ಲಿರುವ ಬಿಳಿಹುಬ್ಬಿನ ಪಿಕಳಾರದ ಕೂಗೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಮದರಾಸು ಸೇನೆಯ ವೈದ್ಯ ಜೆರ್ಡನ್ 1845ರಲ್ಲಿ ಹಳದಿ ಕೊರಳಿನ ಪಿಕಳಾರವನ್ನು ಶಾಸ್ತ್ರಲೋಕಕ್ಕೆ ಪರಿಚಯಿಸಿದ.

ಈ ಹಕ್ಕಿಗೆ ಬರೀ ಬಂಡೆಯಿದ್ದರೆ ಸಾಲದು, ಬರೀ ಕಾಡಿದ್ದರೂ ಸಾಲದು. ಬಂಡೆಗಳ ಸಂದಿನಲ್ಲಿ ಮುಳ್ಳುಪೊದೆ, ಕುರುಚಲು ಗಿಡ, ಕಲ್ಲಿಗೆ ಬೇರಿಳಿಸಿದ ಆಲ-ಅತ್ತಿ ಜಾತಿಯ ಮರ ಒಟ್ಟಿಗಿರಬೇಕು. ಈ ಮರಗಳ ಹಣ್ಣು, ಲಂಟಾನದ ಕಾಯಿ, ಹುಳುಹುಪ್ಪಟೆ ಇದರ ಆಹಾರ.

ಸಂತಾನದ ಕಾಲ ಮುಖ್ಯವಾಗಿ ಜೂನ್‌ನಿಂದ ಆಗಸ್ಟ್. ಮುಂಗಾರಿಗೆ ಪೊದೆಗಳು ಚಿಗುರಿ ಹುಳು ಹೆಚ್ಚುವ ಹೊತ್ತದು. ಗಂಡು ಎತ್ತರದ ಕೊಂಬೆಯಲ್ಲಿ ಕೂತು ಹಾಡಿ ತನ್ನ ಸರಹದ್ದು ಸಾರುತ್ತದೆ, ಒಳಬಂದ ಇನ್ನೊಂದು ಗಂಡನ್ನು ಅಟ್ಟುತ್ತದೆ. ಗೂಡು ಇತರ ಪಿಕಳಾರಗಳಂತೆ ಬಟ್ಟಲಿನಾಕಾರದ್ದು.

ಜೀವಿಗಳ ಅಳಿವಿನ ಅಪಾಯ ಅಳೆಯುವ ಜಾಗತಿಕ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ಭೀತಿ ಎದುರಿಸುವ ಪ್ರಭೇದ. ಬೆಟ್ಟಗಳು ಒಂದಕ್ಕೊಂದು ದೂರ, ನಡುವೆ ಹೊಲ ಮತ್ತು ಊರು. ಹೀಗಾಗಿ ಒಂದು ಬೆಟ್ಟದ ಗುಂಪು ಅಳಿದರೆ ಇನ್ನೊಂದರಿಂದ ಬಂದು ಸೇರುವುದು ಸುಲಭವಲ್ಲ. ಕಲ್ಲು ಕ್ವಾರಿ ಬೆಟ್ಟವನ್ನೇ ನುಂಗುತ್ತದೆ, ಬೇಸಿಗೆಯ ಬೆಂಕಿ ಪೊದೆ ಸುಡುತ್ತದೆ. ಇವಕ್ಕಿಂತ ಮೋಸದ್ದು ಹಸಿರೀಕರಣ: ಕುರುಚಲನ್ನು ಪಾಳುಭೂಮಿಯೆಂದು ಸವರಿ ನೀಲಗಿರಿ ನೆಟ್ಟರೆ ಗುಡ್ಡ ದೂರಕ್ಕೆ ಹಸಿರಾಗಿ ಕಾಣುತ್ತದೆ, ಹಕ್ಕಿಗೆ ಮಾತ್ರ ತಿನ್ನಲು ಹಣ್ಣಿಲ್ಲ. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾದದ್ದರಿಂದ ಅಲ್ಲಿನ ಪಿಕಳಾರಕ್ಕೂ ಆಸರೆ ಸಿಕ್ಕಿತು. ಕ್ವಾರಿ ಗುತ್ತಿಗೆಗೆ ಹೋಗುವ ಸುತ್ತಲಿನ ಸಣ್ಣ ಗುಡ್ಡಗಳಿಗೆ ಅಂಥ ರಕ್ಷಣೆಯಿಲ್ಲ.