ಎಚ್ಚರದ ಗುಳಿಗೆ ಮತ್ತು ಸಂಶೋಧಕನ ಎಚ್ಚರ

ರಾಯಚೂರಿನ ಸಮೀಪ, ಕೃಷ್ಣೆಯ ದಂಡೆಯ ಮೇಲಿರುವ ಶಕ್ತಿನಗರದಲ್ಲಿ ರಾತ್ರಿಯೆಂಬುದು ಎಲ್ಲರಿಗೂ ವಿಶ್ರಾಂತಿಯ ಹೊತ್ತಲ್ಲ. 1985ರಲ್ಲಿ ಮೊದಲ ಘಟಕದೊಡನೆ ಆರಂಭವಾಗಿ ಎಂಟು ಘಟಕಗಳಿಗೆ ಬೆಳೆದ ಅಲ್ಲಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಬಾಯ್ಲರಿನ ಬೆಂಕಿಯನ್ನು ದಿನವೂ ಸಂಜೆ ಆರಿಸಿ ಮುಂಜಾನೆ ಹೊತ್ತಿಸಲಾಗದು. ನಾಡಿನ ಮನೆಗಳು ಬೆಳಗಬೇಕಾದರೆ ಕೆಲವರು ನಿದ್ದೆಗೆಡಲೇಬೇಕು. ಇಂಥವರನ್ನು ಕುರಿತ ಎರಡು ಸಂಶೋಧನ ಪ್ರಬಂಧಗಳನ್ನು ಜೊತೆಗಿಟ್ಟು ಓದಿದರೆ ಸಂಶೋಧನೆಯ ನೀತಿಯನ್ನು ಕುರಿತು ಕಲಿಯುವುದು ಬಹಳವಿದೆ. ಎರಡಕ್ಕೂ ಪ್ರಥಮ ಲೇಖಕರು ಅಮೆರಿಕದ ನಿದ್ರಾವಿಜ್ಞಾನಿ ಚಾರ್ಲ್ಸ್ ಸೈಸ್ಲರ್ ಅವರೇ ಎಂಬುದು ಗಮನಾರ್ಹ.

ಮೊದಲನೆಯದು 1982ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಯೂಟಾ ರಾಜ್ಯದ ಖನಿಜ ಕಾರ್ಖಾನೆಯೊಂದರಲ್ಲಿ ಪಾಳಿಗಳು ವಾರಕ್ಕೊಮ್ಮೆ, ಅದೂ ಹಿಮ್ಮುಖವಾಗಿ, ಬದಲಾಗುತ್ತಿದ್ದವು. ಮಾನವ ದೇಹದ ಆಂತರಿಕ ಗಡಿಯಾರಕ್ಕೆ ಬೇಗ ಮಲಗುವುದಕ್ಕಿಂತ ತಡವಾಗಿ ಮಲಗುವುದು ಸುಲಭ. ಇದನ್ನರಿತ ಸಂಶೋಧಕರು ಪಾಳಿಯನ್ನು ಹಗಲಿನಿಂದ ಸಂಜೆಗೆ, ಸಂಜೆಯಿಂದ ರಾತ್ರಿಗೆ ತಿರುಗಿಸಿ, ಬದಲಾವಣೆಯ ಅವಧಿಯನ್ನು ಮೂರು ವಾರಗಳಿಗೆ ಹಿಗ್ಗಿಸಿದರು. ಕಾರ್ಮಿಕರ ಆರೋಗ್ಯ, ತೃಪ್ತಿ, ಉತ್ಪಾದನೆ ಮೂರೂ ಸುಧಾರಿಸಿದವು. ಇಲ್ಲಿ ಬದಲಾದದ್ದು ಕೆಲಸದ ವ್ಯವಸ್ಥೆ, ಮನುಷ್ಯನಲ್ಲ.

ಎರಡನೆಯದು 2005ರ ಔಷಧ ಪರೀಕ್ಷೆ. 'ಪಾಳಿ ಕೆಲಸದ ನಿದ್ರಾವ್ಯಾಧಿ' ಇದೆಯೆಂದು ನಿರ್ಣಯಿಸಲಾದ 209 ಜನರಲ್ಲಿ ಕೆಲವರಿಗೆ ಮೊಡಾಫಿನಿಲ್, ಉಳಿದವರಿಗೆ ಹುಸಿಗುಳಿಗೆ ಕೊಟ್ಟು ಮೂರು ತಿಂಗಳು ನೋಡಲಾಯಿತು. ರಾತ್ರಿಯ ಪರೀಕ್ಷೆಯಲ್ಲಿ ಸರಾಸರಿ 2.1 ನಿಮಿಷಕ್ಕೆ ನಿದ್ದೆಹೋಗುತ್ತಿದ್ದವರು, ಗುಳಿಗೆಯಿಂದಾಗಿ 3.8 ನಿಮಿಷ ಎಚ್ಚರವಾಗಿದ್ದರು. ಮನೆಗೆ ಮರಳುವಾಗಿನ ಅಪಘಾತಗಳೂ ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳೂ ಕಡಿಮೆಯಾದವು; ಇದು ಸಣ್ಣ ಮಾತಲ್ಲ. ಆದರೆ ತೂಕಡಿಕೆ ಉಳಿದೇ ಇತ್ತೆಂದು ಲೇಖಕರೇ ಹೇಳಿದ್ದಾರೆ. ವೆಚ್ಚ ಭರಿಸಿದ್ದು ಗುಳಿಗೆಯ ತಯಾರಕರಾದ ಸೆಫಲಾನ್ ಕಂಪನಿ. ಪ್ರಬಂಧ ಅದನ್ನೂ ಮರೆಮಾಚಿಲ್ಲ.

ಆದುದರಿಂದ ನಮ್ಮ ಆಕ್ಷೇಪ ಪ್ರಾಮಾಣಿಕತೆಯನ್ನು ಕುರಿತದ್ದಲ್ಲ, ಪ್ರಶ್ನೆಯನ್ನು ಕುರಿತದ್ದು. ಪರೀಕ್ಷೆಯು ಗುಳಿಗೆಯನ್ನು ಹುಸಿಗುಳಿಗೆಯೊಡನೆ ಹೋಲಿಸಿತು. ಸುಧಾರಿಸಿದ ಪಾಳಿಯೊಡನೆ ಹೋಲಿಸಲಿಲ್ಲ. ಯಾವುದು ಮೇಲೆಂದು ಅದು ಹೇಳಲಾರದು. ಗುಳಿಗೆ ಮಾರುವವನಿಗೆ ಆ ಹೋಲಿಕೆ ಬೇಕಿಲ್ಲ. ಪಾಳಿಪಟ್ಟಿಯನ್ನು ಮಾರಿ ಲಾಭ ಗಳಿಸುವವರೂ ವಿರಳ. ಹೀಗೆ ಒಂದು ಪ್ರಶ್ನೆಗೆ ಹಣ ದೊರೆಯುತ್ತದೆ, ಇನ್ನೊಂದು ಅನಾಥವಾಗುತ್ತದೆ. ವ್ಯವಸ್ಥೆಯ ದೋಷವು ದುಡಿಯುವವನ ದೇಹದ ವ್ಯಾಧಿಯಾಗಿ ದಾಖಲಾಗುತ್ತದೆ. 2010ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು ಲಾಭ ಮತ್ತು ಅಪಾಯಗಳನ್ನು ತೂಗಿ, ಪಾಳಿ ಕೆಲಸದವರಿಗೆ ಈ ಮದ್ದು ಸಲ್ಲದೆಂದು ಶಿಫಾರಸು ಮಾಡಿತು.

ಪಾಳಿ ಬದಲಾಗುವವರೆಗೆ ಕಾಯಲಾಗದ ರೋಗಿಗೆ ವೈದ್ಯರು ಮದ್ದು ಬರೆದರೆ ಅದನ್ನು ತಪ್ಪೆನ್ನಲಾಗದು. ಆದರೆ ಮನಶ್ಶಾಸ್ತ್ರದ ವಿದ್ಯಾರ್ಥಿಯನ್ನು ತಿದ್ದುವ ಮಾರ್ಗದರ್ಶಕರ ಹೊಣೆ ಬೇರೆಯೇ. ಮಾಪನ, ಸಂಖ್ಯಾಶಾಸ್ತ್ರ, ಪ್ರಬಂಧದ ಭಾಷೆ ಇವನ್ನು ಕಲಿಸಿದಷ್ಟಕ್ಕೆ ಗುರುವಿನ ಕೆಲಸ ಮುಗಿಯದು. ಈ ಪ್ರಶ್ನೆಯನ್ನು ಆರಿಸಿದವರು ಯಾರು, ಕೇಳದೆ ಬಿಟ್ಟ ಪ್ರಶ್ನೆ ಯಾವುದು ಎಂದು ಶಿಷ್ಯನಿಂದ ಕೇಳಿಸಬೇಕು. ಶಕ್ತಿನಗರದ ನಿದ್ದೆಯನ್ನು ಅಧ್ಯಯನ ಮಾಡಹೊರಟ ವಿದ್ಯಾರ್ಥಿಯ ಕೈಗೆ ಪ್ರಶ್ನಾವಳಿಯನ್ನು ಕೊಡುವ ಮೊದಲು, ಅಲ್ಲಿಯ ಪಾಳಿಪಟ್ಟಿಯನ್ನು ಓದಿ ಬಾ ಎಂದು ಕಳುಹಿಸುವವರೇ ನಿಜವಾದ ಮಾರ್ಗದರ್ಶಕರು.