ವಿವಾಹದ ಛಾಯಾಚಿತ್ರಗಳಲ್ಲಿ ಅಲಂಕಾರ ಮತ್ತು ಅನೃತ

ವಿವಾಹದ ಛಾಯಾಚಿತ್ರವನ್ನು ಇತಿಹಾಸದ ಆಕರವೆಂದು ಎಣಿಸುವ ವಾಡಿಕೆ ನಮ್ಮ ವಿದ್ವಾಂಸರಲ್ಲಿ ಇನ್ನೂ ಬೇರೂರಿಲ್ಲ. ಶಾಸನಕ್ಕೂ ನಾಣ್ಯಕ್ಕೂ ಕಡತಕ್ಕೂ ಸಲ್ಲುವ ಗೌರವವು ಪಡಸಾಲೆಯ ಗೋಡೆಯಲ್ಲಿ ತೂಗುವ ಮದುವೆಯ ಪಟಕ್ಕೆ ಸಲ್ಲುವುದಿಲ್ಲ. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣವಿಷ್ಟೆ: ಅದರಲ್ಲಿರುವವರು ಅಂದವಾಗಿ ಕಾಣಬೇಕೆಂದು ಸಿಂಗರಿಸಿಕೊಂಡು, ಛಾಯಾಗ್ರಾಹಕನು ಹೇಳಿದಂತೆ ಕುಳಿತವರು, ಆದ್ದರಿಂದ ಅದು ಕೃತಕ, ಕೃತಕವಾದುದರಿಂದ ಅಪ್ರಮಾಣ. ಈ ವಾದವನ್ನು ಒಪ್ಪುವುದಾದರೆ ಪ್ರಶಸ್ತಿಶಾಸನಗಳ ಗತಿಯೇನು? ರಾಜನು ಅವುಗಳಲ್ಲಿ ಸಿಂಗರಿಸಿಕೊಂಡೇ ಕುಳಿತಿರುತ್ತಾನೆ. ಆದರೂ ಅವುಗಳನ್ನು ಓದುವ ಕ್ರಮವನ್ನು ನಾವು ಕಲಿತಿದ್ದೇವೆ. ಮದುವೆಯ ಪಟವನ್ನು ಓದುವ ಕ್ರಮವನ್ನೂ ಕಲಿಯಬಹುದು. ಅಂದವಾಗಿ ಕಾಣಲು ಮಾಡಿದ ಏರ್ಪಾಡುಗಳಲ್ಲಿ ಯಾವುದು ಅಲಂಕಾರ, ಯಾವುದು ಅನೃತ ಎಂಬುದನ್ನು ವಿಂಗಡಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೈಸೂರಿನ ಚಾಮರಾಜಪುರಂ ಈ ವಿಚಾರಕ್ಕೆ ಒಳ್ಳೆಯ ನೆಲೆ. ಇಲ್ಲಿನ ಹಳೆಯ ಮನೆಗಳು ಒಂದೊಂದಾಗಿ ಉರುಳಿ ಅವುಗಳ ಸ್ಥಾನದಲ್ಲಿ ಮಹಡಿಗಳು ಏಳುತ್ತಿವೆಯಾದರೂ, ಕೆಂಪು ಗಾರೆಯ ನೆಲವೂ ಮಂಗಳೂರು ಹೆಂಚಿನ ಮಾಡೂ ಇನ್ನೂ ಉಳಿದಿರುವ ಕೆಲವು ಮನೆಗಳುಂಟು. ಅಂಥ ಮನೆಗಳಲ್ಲಿ ಪಟಗಳನ್ನು ಗೋಡೆಗೆ ಒರಗಿಸದೆ ತುಸು ಮುಂದಕ್ಕೆ ಬಾಗಿಸಿ ತೂಗುಹಾಕಿರುತ್ತಾರೆ. ಹಿರಿಯರು ನಮ್ಮನ್ನು ಬಗ್ಗಿ ನೋಡುತ್ತಿರುವಂತೆ ತೋರುತ್ತದೆ. ಆ ಪಟಗಳನ್ನು ಕೆಳಗಿಳಿಸಿ, ಧೂಳೊರಸಿ, ಮುಂಬದಿಯನ್ನೂ ಹಿಂಬದಿಯನ್ನೂ ನೋಡುವ ಅವಕಾಶ ನಮಗೆ ಕೆಲವೆಡೆ ದೊರೆಯಿತು.

ಹಳೆಯ ಪಟಗಳಲ್ಲಿ ವರನು ಕುರ್ಚಿಯ ಮೇಲೆ ಕುಳಿತಿದ್ದಾನೆ. ತಲೆಯಲ್ಲಿ ಜರಿಯ ಮೈಸೂರು ಪೇಟ, ಹೆಗಲಲ್ಲಿ ಶಲ್ಯ. ವಧು ಪಕ್ಕದಲ್ಲಿ ನಿಂತಿದ್ದಾಳೆ; ಕೈ ಕುರ್ಚಿಯ ಬೆನ್ನಿನ ಮೇಲಿದೆ, ಭುಜವನ್ನು ಮುಟ್ಟಿಲ್ಲ. ಇಬ್ಬರ ಮುಖದಲ್ಲಿಯೂ ನಗೆಯ ಸುಳಿವಿಲ್ಲ. ಬೆಳಕನ್ನು ಗ್ರಹಿಸಲು ತಟ್ಟೆಗಳಿಗೆ ಬಹಳ ಹೊತ್ತು ಬೇಕಾಗುತ್ತಿತ್ತು, ಅದರಿಂದ ನಗಲಾಗುತ್ತಿರಲಿಲ್ಲ ಎಂಬ ವಿವರಣೆ ಪ್ರಚಾರದಲ್ಲಿದೆ. ಇದು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗಕ್ಕೆ ಒಪ್ಪುವ ಮಾತು. 1880ರ ದಶಕದಲ್ಲಿ ಒಣತಟ್ಟೆಗಳು ಬಳಕೆಗೆ ಬಂದ ಮೇಲೆ ಬಯಲಿನ ಬೆಳಕಿನಲ್ಲಿ ಒಂದು ಕ್ಷಣವೂ ಬೇಕಾಗುತ್ತಿರಲಿಲ್ಲ. ಆದುದರಿಂದ ಇಪ್ಪತ್ತನೆಯ ಶತಮಾನದ ಪಟಗಳ ಗಾಂಭೀರ್ಯಕ್ಕೆ ಕಾರಣವನ್ನು ಯಂತ್ರದಲ್ಲಿ ಹುಡುಕಬಾರದು, ಮರ್ಯಾದೆಯ ಕಲ್ಪನೆಯಲ್ಲಿ ಹುಡುಕಬೇಕು. ಹಿರಿಯರ ಮುಂದೆ ಹಲ್ಲುಬಿಡುವುದು ಆ ಕಾಲಕ್ಕೆ ಅಂದವೆನಿಸಿರಲಿಲ್ಲ. ಅಂದಿನವರು ತಮ್ಮ ದೃಷ್ಟಿಯಲ್ಲಿ ಅತ್ಯಂತ ಚೆನ್ನಾಗಿಯೇ ಕಾಣಿಸಿಕೊಂಡಿದ್ದಾರೆ. ಬಿಗಿಮುಖವೆಂದು ಇಂದು ಹಾಸ್ಯಮಾಡುವವರು ತಮ್ಮ ಕಾಲದ ಅಳತೆಗೋಲನ್ನು ಅವರ ಮೇಲಿಟ್ಟು ನೋಡುತ್ತಿದ್ದಾರೆ.

ಯಂತ್ರದ ದೋಷವೆಂದೇ ಹೇಳಬೇಕಾದುದು ಬೇರೊಂದುಂಟು. ಆರಂಭದ ತಟ್ಟೆಗಳು ಮುಖ್ಯವಾಗಿ ನೀಲಿ ಬೆಳಕಿಗೆ ಮಾತ್ರ ಸ್ಪಂದಿಸುತ್ತಿದ್ದವು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಎಂಬ ವಿಜ್ಞಾನಿ ವರ್ಣದ್ರವ್ಯಗಳ ನೆರವಿನಿಂದ ಅವು ಹಸುರನ್ನೂ ಗ್ರಹಿಸುವಂತೆ ಮಾಡುವ ದಾರಿಯನ್ನು ತೋರಿಸಿದರು. ಕೆಂಪನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ತಟ್ಟೆಗಳು 1906ರಲ್ಲಿ ಮಾರಾಟಕ್ಕೆ ಬಂದವು. ಆದರೂ ಕೆಂಪಿಗೆ ಕುರುಡಾದ ಫಿಲ್ಮುಗಳ ಬಳಕೆ ಬಹುಕಾಲ ನಿಲ್ಲಲಿಲ್ಲ. ಕೊಡಕ್ ಕಂಪನಿಯ ಜನಪ್ರಿಯ ವೆರಿಕ್ರೋಮ್ ಫಿಲ್ಮು 1956ರಲ್ಲಷ್ಟೇ ತನ್ನ ಪ್ಯಾನ್‌ಕ್ರೊಮ್ಯಾಟಿಕ್ ರೂಪಕ್ಕೆ ಎಡೆಮಾಡಿಕೊಟ್ಟಿತು. ಇದರ ಪರಿಣಾಮವು ನಮ್ಮ ಮದುವೆಮನೆಗಳ ಪಾಲಿಗೆ ಸಣ್ಣದಾಗಿರಲಿಲ್ಲ. ಅಂಥ ಫಿಲ್ಮಿನಲ್ಲಿ ಕುಂಕುಮವು ಕಾಡಿಗೆಯ ಬೊಟ್ಟಾಗುತ್ತಿತ್ತು, ಕೆಂಪು ರೇಷ್ಮೆಸೀರೆ ಕಪ್ಪಾಗುತ್ತಿತ್ತು, ಎಣ್ಣೆಗೆಂಪಿನ ಮುಖವು ಇದ್ದುದಕ್ಕಿಂತ ಎಷ್ಟೋ ಕಪ್ಪಾಗಿ ಮೂಡುತ್ತಿತ್ತು. ಆದ್ದರಿಂದ ಆ ಕಾಲದ ವಧುವಿನ ಮುಖಕ್ಕೆ ಪೌಡರು ಹಚ್ಚಿದ್ದರೆ, ಅಥವಾ ನೆಗೆಟಿವಿನ ಮೇಲೆ ಛಾಯಾಗ್ರಾಹಕನು ಸೀಸದಕಡ್ಡಿಯನ್ನು ನಯವಾಗಿ ಆಡಿಸಿದ್ದರೆ, ಅದನ್ನೆಲ್ಲ ವಂಚನೆಯೆಂದು ತಳ್ಳಿಹಾಕುವುದು ಅವಸರದ ತೀರ್ಮಾನವಾದೀತು. ತಟ್ಟೆಯು ಹೇಳಿದ ಸುಳ್ಳನ್ನು ಕೈಯಿಂದ ತಿದ್ದುವ ಯತ್ನವೂ ಅದರಲ್ಲಿ ಸೇರಿತ್ತು.

ಈ ಪಟಗಳಲ್ಲೆಲ್ಲ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಮೊಗ್ಗಿನ ಜಡೆಯ ಪಟ. ಮೈಸೂರು ಸೀಮೆಯಲ್ಲಿ ಇದನ್ನು ಅರಿಯದ ಮನೆಯಿಲ್ಲ. ಬಿರಿಯದ ಮಲ್ಲಿಗೆ ಮೊಗ್ಗುಗಳನ್ನು ಸಾಲುಸಾಲಾಗಿ ಪೋಣಿಸಿ ಜಡೆಯ ಉದ್ದಕ್ಕೂ ಹೊಲಿದು, ನಡುನಡುವೆ ಬಣ್ಣದ ಹೂವನ್ನೋ ಜರಿಯನ್ನೋ ಸೇರಿಸಿ, ತುದಿಗೆ ಕುಚ್ಚು ಕಟ್ಟುವರು. ಗಂಟೆಗಟ್ಟಲೆ ಹಿಡಿಯುವ ಈ ಕೆಲಸ ಸಂಜೆಯಾದೊಡನೆ ಮೊಗ್ಗು ಅರಳತೊಡಗಿ ತನ್ನ ಕಟ್ಟನ್ನು ಕಳೆದುಕೊಳ್ಳುತ್ತದೆ. ಅಷ್ಟರೊಳಗೆ ಪಟ ತೆಗೆಯಬೇಕು. ಆದರೆ ತೊಡಕೊಂದಿದೆ: ಜಡೆ ಇರುವುದು ಬೆನ್ನಿನ ಮೇಲೆ, ಬೆನ್ನು ತೋರಿಸಿದರೆ ಮುಖವಿಲ್ಲ, ಮುಖ ತೋರಿಸಿದರೆ ಜಡೆಯಿಲ್ಲ. ಇದಕ್ಕೆ ಕಂಡುಕೊಂಡ ಉಪಾಯವೇ ನಿಲುಗನ್ನಡಿ. ವಧುವನ್ನು ಕನ್ನಡಿಗೆ ಬೆನ್ನು ಮಾಡಿ ಓರೆಯಾಗಿ ನಿಲ್ಲಿಸಿ, ಮುಖವನ್ನು ನೇರವಾಗಿಯೂ ಜಡೆಯನ್ನು ಪ್ರತಿಬಿಂಬದಲ್ಲಿಯೂ ಒಂದೇ ಚೌಕಟ್ಟಿಗೆ ತರುತ್ತಿದ್ದರು. ಕ್ಯಾಮರಾ ಮತ್ತು ಛಾಯಾಗ್ರಾಹಕನ ಬಿಂಬ ಕನ್ನಡಿಯಲ್ಲಿ ಬೀಳದಂತೆ ಕೋನವನ್ನು ಹೊಂದಿಸುವುದು ಸುಲಭವಾಗಿರಲಿಲ್ಲ. ನಾವು ನೋಡಿದ ಒಂದು ಪಟದಲ್ಲಿ ಕನ್ನಡಿಯ ಅಂಚಿನಲ್ಲಿ ಯಾರದೋ ಪಂಚೆಯ ಚುಂಗು ಉಳಿದುಕೊಂಡಿದೆ. ಕನ್ನಡಿಯನ್ನು ಹಿಡಿದು ನಿಂತ ಸೋದರಮಾವನದೋ ಏನೋ.

ಬೇಲೂರಿನ ದರ್ಪಣಸುಂದರಿ ಕನ್ನಡಿಯನ್ನು ಹಿಡಿದಿರುವುದು ತಾನು ನೋಡಿಕೊಳ್ಳಲು. ಚಾಮರಾಜಪುರಂನ ವಧುವಿನ ಹಿಂದಿರುವ ಕನ್ನಡಿಯಲ್ಲಿ ಅವಳಿಗೆ ಏನೂ ಕಾಣಿಸದು. ಅದು ಇತರರಿಗಾಗಿ ಇಟ್ಟದ್ದು. ಇದಕ್ಕಿಂತ ಕೃತಕವಾದ ಏರ್ಪಾಡನ್ನು ಊಹಿಸುವುದು ಕಷ್ಟ. ಹಾಗಿದ್ದೂ ಅದರಲ್ಲಿ ಸುಳ್ಳೆಂಬುದಿಲ್ಲ. ಅವಳ ಮುಖ ಅದೇ, ಜಡೆ ಅದೇ, ಅದನ್ನು ಕಟ್ಟಿದ ಕೈಗಳ ಶ್ರಮವೂ ಅದೇ. ಇದ್ದದ್ದೇ ಆದರೂ ಒಂದೇ ನೋಟಕ್ಕೆ ಸಿಕ್ಕದಿದ್ದುದನ್ನು ಕನ್ನಡಿ ಸಿಗುವಂತೆ ಮಾಡಿತು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನು ವಿಚಾರಮಾಡುತ್ತ, ತೊಡವು ತನ್ನ ತಾಣದಲ್ಲಿದ್ದರೆ ಮಾತ್ರ ತೊಡವು ಎಂಬ ಅಭಿಪ್ರಾಯವನ್ನು ಪ್ರತಿಪಾದಿಸಿದ್ದಾನೆ. ಕಾವ್ಯಕ್ಕೆ ಹೇಳಿದ ಆ ಲಕ್ಷಣ ಈ ಕನ್ನಡಿಗೂ ಹೊಂದುತ್ತದೆ. ಇದನ್ನೇ ನಾವು ಅಲಂಕಾರವೆಂದು ಕರೆಯುವುದು.

ಇನ್ನು ಅನೃತದ ವಿಚಾರ. ಅದೇ ಬಡಾವಣೆಯ ಮತ್ತೊಂದು ಮನೆಯಲ್ಲಿ 1950ರ ದಶಕದ ಒಂದು ಮದುವೆಯ ಪಟವನ್ನು, ಗೆದ್ದಲು ಹತ್ತಿದ್ದುದರಿಂದ, ದುರಸ್ತಿಗೆಂದು ಕೊಟ್ಟಿದ್ದರು. ಅದು ಕಂಪ್ಯೂಟರಿನಿಂದ ಹೊಸದಾಗಿ, ಬಣ್ಣ ತುಂಬಿಕೊಂಡು ಬಂದಿತು. ವಧುವಿನ ಮುಖ ಹಾಲಿನಂತೆ ಬೆಳ್ಳಗಾಗಿದೆ, ಗಲ್ಲದ ಮೇಲಿದ್ದ ಮಚ್ಚೆ ಮಾಯವಾಗಿದೆ, ಸೀರೆ ಕಡುಹಸಿರು. ಮನೆಯ ಹಿರಿಯರೊಬ್ಬರು ಅದನ್ನು ಕಂಡು, “ಇದು ನಮ್ಮಕ್ಕನ ಹಾಗೇ ಇಲ್ಲವಲ್ಲ, ಅವಳ ಧಾರೆಯ ಸೀರೆ ಕೆಂಪು” ಎಂದರಂತೆ. ಮೂಲದಲ್ಲಿ ಕಪ್ಪಾಗಿ ಮೂಡಿದ್ದ ಸೀರೆಯನ್ನು ಹಸಿರೆಂದು ಊಹಿಸಿದುದು ಕ್ಷಮ್ಯ. ಕಪ್ಪು-ಬಿಳುಪಿನ ಪಟದಲ್ಲಿ ಬಣ್ಣ ಉಳಿದಿರುವುದಿಲ್ಲ. ಮುಖವನ್ನು ಬಿಳುಪು ಮಾಡಿದುದಕ್ಕೆ ಆ ಸಮಾಧಾನವಿಲ್ಲ. ಅಲ್ಲಿ ಊಹೆಯಿಲ್ಲ, ತೀರ್ಪಿದೆ: ಕಪ್ಪಾಗಿದ್ದವಳು ಚೆನ್ನಾಗಿರಲಿಲ್ಲ, ಆದ್ದರಿಂದ ತಿದ್ದಬೇಕು. ಅಜ್ಜಿಯನ್ನು ಕಣ್ಣಾರೆ ಕಾಣದ ಮೊಮ್ಮಗಳು, ತನ್ನ ಎಣ್ಣೆಗೆಂಪು ಯಾರಿಂದ ಬಂದಿತೆಂದು ಆ ಪಟದಿಂದ ಎಂದೂ ತಿಳಿಯಲಾರಳು.

ಅರಮನೆಯ ಕಲ್ಯಾಣಮಂಟಪವನ್ನು ಇದರೊಡನೆ ಹೋಲಿಸಬಹುದು. ಅದರ ಗೋಡೆಗಳಲ್ಲಿರುವ ದಸರಾ ಮೆರವಣಿಗೆಯ 26 ಚಿತ್ರಗಳನ್ನು ಮೈಸೂರಿನ ಕಲಾವಿದರು 1934ರಿಂದ 1945ರವರೆಗೆ, ಛಾಯಾಚಿತ್ರಗಳನ್ನು ಆಧರಿಸಿ ಬರೆದರು. ಅಲ್ಲಿಯೂ ಕಪ್ಪು-ಬಿಳುಪಿಗೆ ಬಣ್ಣ ತುಂಬಿದ್ದಾರೆ. ಆದರೆ ಅವರು ಮೆರವಣಿಗೆ ನಡೆಯುತ್ತಿದ್ದ ಊರಿನವರು. ಆನೆಯ ಜೂಲೂ ಸವಾರರ ಸಮವಸ್ತ್ರವೂ ಯಾವ ಬಣ್ಣದವೆಂಬುದನ್ನು ಕೇಳಿ, ನೋಡಿ ತಿಳಿಯಬಲ್ಲವರು. ದುರಸ್ತಿಯ ಅಂಗಡಿಯವರೂ ಆ ಮನೆಯ ಹಿರಿಯರನ್ನು ಒಂದು ಮಾತು ಕೇಳಬಹುದಾಗಿತ್ತು.

ಬಿಳುಪಿನ ಈ ಮೋಹಕ್ಕೆ ಅಂಗಡಿಯವರೊಬ್ಬರನ್ನೇ ದೂರುವುದು ಸರಿಯಲ್ಲ. ವರ್ಣಚಿತ್ರಗಳ ಯುಗದಲ್ಲಿ ಮುದ್ರಣದ ಬಣ್ಣವನ್ನು ಹದಗೊಳಿಸಲು ಕೊಡಕ್ ಕಂಪನಿ ಪ್ರಯೋಗಾಲಯಗಳಿಗೆ ಕಳುಹಿಸುತ್ತಿದ್ದ ಮಾದರಿ ಹಾಳೆಯಲ್ಲಿ ಬಹುಕಾಲ ಇದ್ದುದು ಬಿಳಿಯ ಸ್ತ್ರೀಯೊಬ್ಬಳ ಮುಖವೇ. ಅದಕ್ಕೆ ‘ಶರ್ಲಿ’ ಎಂಬ ಹೆಸರು ರೂಢಿಯಾಗಿತ್ತು. ಬೇರೆ ಮೈಬಣ್ಣದವರ ಮುಖಗಳು ಆ ಹಾಳೆಯಲ್ಲಿ ಸ್ಥಾನಪಡೆದುದು 1990ರ ದಶಕದಲ್ಲಿ. ನಮ್ಮ ದೇಶದಲ್ಲಿ 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ತನ್ನ ಹೆಸರಿನ ಮೊದಲ ಪದವನ್ನು ಬಿಟ್ಟುದು 2020ರಲ್ಲಿ. ವಧೂವರಾನ್ವೇಷಣೆಯ ಜಾಹೀರಾತುಗಳ ಭಾಷೆಯನ್ನು ಬಲ್ಲ ಓದುಗರಿಗೆ ಇದನ್ನು ವಿಸ್ತರಿಸಬೇಕಾಗಿಲ್ಲ.

ಇತ್ತೀಚಿನವರು ಇದಕ್ಕೆಲ್ಲ ಉತ್ತರವಾಗಿ ‘ಕ್ಯಾಂಡಿಡ್’ ಎಂಬ ಪದ್ಧತಿಯನ್ನು ಮುಂದಿಡುತ್ತಾರೆ: ನಿಲ್ಲಿಸಿ ತೆಗೆದುದು ಸುಳ್ಳು, ತಿಳಿಯದಂತೆ ತೆಗೆದುದು ನಿಜ ಎಂಬುದು ಅವರ ನಿಲುವು. ಈ ನಿಲುವನ್ನು ನಾವು ಪೂರ್ಣವಾಗಿ ಒಪ್ಪಲಾರೆವು. ಮೈಸೂರಿನವರೇ ಆದ ಟಿ. ಎಸ್. ಸತ್ಯನ್ (1923–2009) ಅವರು ಸಾಮಾನ್ಯರ ಬದುಕನ್ನು ಸೆರೆಹಿಡಿದ ರೀತಿಗೂ, ಮಂಟಪದಲ್ಲಿ “ಒಬ್ಬರನ್ನೊಬ್ಬರು ನೋಡಿ ನಗಿ, ನಮ್ಮ ಕಡೆ ನೋಡಬೇಡಿ” ಎಂದು ಮೂರು ಸಲ ಹೇಳಿ ಸಹಜತೆಯನ್ನು ಬರಿಸುವ ರೀತಿಗೂ ಬಹಳ ಅಂತರವಿದೆ. ಕುರ್ಚಿಯ ಮೇಲೆ ಕುಳಿತ ಹಳೆಯ ವರನು ತಾನು ಪಟಕ್ಕಾಗಿ ಕುಳಿತಿರುವೆನೆಂಬುದನ್ನು ಮರೆಮಾಚಿರಲಿಲ್ಲ. ಇನ್ನು ಮದುವೆಗೆ ಮುಂಚೆಯೇ ನದಿ, ಬೆಟ್ಟ, ಕೋಟೆಗಳಿಗೆ ಹೋಗಿ ಪಟ ತೆಗೆಸಿಕೊಳ್ಳುವ ರೂಢಿ. 2020ರ ನವೆಂಬರಿನಲ್ಲಿ ಇಂಥದೇ ಉದ್ದೇಶದಿಂದ ತಲಕಾಡಿನ ಬಳಿ ಕಾವೇರಿಗಿಳಿದ ಮೈಸೂರಿನ ವಧೂವರರು ತೆಪ್ಪ ಮಗುಚಿ ಪ್ರಾಣಬಿಟ್ಟರು. ಮದುವೆಗೆ ಇನ್ನು ಕೆಲವೇ ದಿನಗಳಿದ್ದವು. ಅವರನ್ನು ಟೀಕಿಸಲು ಇದನ್ನು ಹೇಳುತ್ತಿಲ್ಲ; ಚೆನ್ನಾಗಿ ಕಾಣಬೇಕೆಂಬ ಒತ್ತಾಯದ ಭಾರ ಎಷ್ಟೆಂಬುದನ್ನು ವಿಮರ್ಶಕನು ಮರೆಯಬಾರದು.

ಇತಿಹಾಸದ ವಿದ್ಯಾರ್ಥಿಗೆ ಈ ವಿಂಗಡಣೆಯಿಂದ ಪ್ರಯೋಜನವೇನೆಂದು ಕೇಳಬಹುದು. ಒಂದು ನಿದರ್ಶನ ಸಾಕು. ಮೈಸೂರು ಸಂಸ್ಥಾನವು 1894ರಲ್ಲಿಯೇ ಶಿಶುವಿವಾಹ ಪ್ರತಿಬಂಧಕ ಕಾಯಿದೆಯನ್ನು ತಂದು ಎಂಟು ವರ್ಷಕ್ಕೆ ಒಳಪಟ್ಟ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸಿತು. ಆ ಮಿತಿಯ ಆಚೆಗೆ ಮನೆಗಳಲ್ಲಿ ನಡೆದುದೇನು ಎಂಬುದಕ್ಕೆ ಕಾಯಿದೆಯ ಪುಸ್ತಕ ಉತ್ತರ ಕೊಡದು. ಒಡವೆಯ ಭಾರಕ್ಕೆ ಕುತ್ತಿಗೆ ಬಾಗಿದ, ಕುರ್ಚಿಯ ಬೆನ್ನಿಗಿಂತ ಗೇಣುದ್ದ ಎತ್ತರವಿರುವ ಒಬ್ಬ ಬಾಲಿಕೆಯ ಪಟ ಕೊಡುತ್ತದೆ. ಅವಳಿಗೆ ಹೇರಿದ ಒಡವೆಯೇ ಅವಳ ವಯಸ್ಸನ್ನು ಎತ್ತಿತೋರಿಸುತ್ತದೆ. ಅದೇ ಮುಖವನ್ನು ನಾಳೆ ಯಾರಾದರೂ ‘ಸುಂದರಗೊಳಿಸಿ’ ಕೆನ್ನೆಯನ್ನು ಇಳಿಸಿ ಕಣ್ಣನ್ನು ಹಿಗ್ಗಿಸಿದರೆ ಆ ಸಾಕ್ಷ್ಯ ಹೋಯಿತು. ಆದುದರಿಂದ ತಮ್ಮ ಮನೆಯ ಪಟಗಳನ್ನು ದುರಸ್ತಿಗೆ ಕೊಡುವ ವಿದ್ಯಾರ್ಥಿಗಳು ಮೊದಲು ಮೂಲವನ್ನು ಇದ್ದಂತೆಯೇ ಪ್ರತಿಮಾಡಿಸಿ, ಹಿಂಬದಿಯ ಬರೆಹವನ್ನೂ ಸೇರಿಸಿ ಇಟ್ಟುಕೊಳ್ಳಬೇಕೆಂದು ನಮ್ಮ ಕೋರಿಕೆ. ಪಟದಲ್ಲಿರುವವರ ಹೆಸರುಗಳನ್ನು, ಹೇಳಬಲ್ಲವರು ಇರುವಾಗಲೇ, ಮೆತ್ತನೆಯ ಸೀಸದಕಡ್ಡಿಯಿಂದ ರಟ್ಟಿನ ಮೇಲೆ ಬರೆಯಿಸುವುದು ಲೇಸು. ಶಾಯಿ ಮುಂಬದಿಗೆ ಇಳಿಯುತ್ತದೆ.

ಹಸಿರು ಸೀರೆಯ ಪಟದ ಮೂಲಪ್ರತಿ ಆ ಮನೆಯಲ್ಲಿ ಉಳಿದಿಲ್ಲ. ಹೊಸದು ಬಂದ ಮೇಲೆ ಹಳೆಯದನ್ನು ಎಸೆದರಂತೆ. ಹಳೆಯ ಚೌಕಟ್ಟಿನ ರಟ್ಟು ಮಾತ್ರ ಅಟ್ಟದ ಮೇಲಿತ್ತು. ಅದರ ಮೇಲೆ ವರನ ಹೆಸರು, ಪದವಿ, ಮದುವೆಯ ತಿಥಿ, ತೆಗೆಯಬೇಕಾದ ಪ್ರತಿಗಳ ಸಂಖ್ಯೆ ಇಷ್ಟನ್ನು ಬರೆದಿದ್ದಾರೆ. ವಧುವಿನ ಹೆಸರಿಲ್ಲ.