ಲೂಪ್ ಬೇರೆ, ಆವರ್ತನ ಬೇರೆ

ಪುಣೆಯ ಕೆಫೆಯಲ್ಲಿರಲಿ, ಬಾಂದ್ರಾದ ಸಣ್ಣ ವೇದಿಕೆಯಲ್ಲಿರಲಿ, ಫೋನಿಗೆ ಬಂದುಬೀಳುವ ಒಂದೂವರೆ ನಿಮಿಷದ ವಿಡಿಯೋದಲ್ಲಿರಲಿ, ಈ ನೋಟ ಈಗ ನಮಗೆಲ್ಲ ಪರಿಚಿತ. ಕಲಾವಿದರು ಒಬ್ಬರೇ. ಮುಂದೆ ಒಂದು ಮೈಕು, ಹದಿನಾರು ರಬ್ಬರ್ ಪ್ಯಾಡುಗಳಿರುವ ಒಂದು ಪೆಟ್ಟಿಗೆ. ಬಾಯಲ್ಲೇ ಒಂದು ತಾಳ ಹಾಕುತ್ತಾರೆ. ಪೆಟ್ಟಿಗೆ ಅದನ್ನು ಹಿಡಿದಿಟ್ಟು ಮತ್ತೆ ಮತ್ತೆ ನುಡಿಸುತ್ತದೆ. ಅದರ ಮೇಲೊಂದು ಗುನುಗು, ಆ ಗುನುಗಿನ ಮೇಲೆ ಇನ್ನೊಂದು. ಮೂರು ನಿಮಿಷದೊಳಗೆ ಒಬ್ಬರೇ ಎಂಟು ಜನರಾಗುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಹೊರಗೆ ಬರುವಾಗ ಎರಡು ಮಾತು ಕಿವಿಗೆ ಬೀಳುತ್ತವೆ. ಒಂದು, “ಒಬ್ಬನೇ ಇಡೀ ಬ್ಯಾಂಡು!” ಇನ್ನೊಂದು, ನಮ್ಮ ಕನ್ನಡದ ಗೆಳೆಯರ ಬಳಗದಲ್ಲಿ, “ಇದರಲ್ಲೇನು ಹೊಸದು ಮಾರಾಯ್ರೆ, ನಮ್ಮ ತಾಳದ ಆವರ್ತನವೇ ಅಲ್ವಾ ಇದು?”

ಈ ಎರಡೂ ಮಾತುಗಳ ಬಗ್ಗೆ ನನಗೆ ತಕರಾರಿದೆ. ಮೊದಲನೆಯದು ಸಂಗೀತವನ್ನು ದೊಂಬರಾಟದ ಅಳತೆಗೋಲಿನಿಂದ ಅಳೆಯುತ್ತದೆ. ಎರಡನೆಯದು ಇಲ್ಲದ ನೆಂಟಸ್ತಿಕೆ ಹೇಳಿ, ಕಿವಿಗೊಡಬೇಕಾದ ಕಡೆ ಕಿವಿಗೊಡದಂತೆ ಮಾಡುತ್ತದೆ. ಲೂಪಿಂಗ್ ಅನ್ನು ವಿಮರ್ಶಿಸುವ ಭಾಷೆ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಬೇಕಾದರೆ ಮೊದಲು ಆ ಪೆಟ್ಟಿಗೆ ಏನು ಮಾಡುತ್ತದೆ ಎಂದು ನೋಡಬೇಕು.

ಸ್ಯಾಂಪ್ಲರ್ ಎಂದರೆ ಸದ್ದನ್ನು ನುಂಗಿಟ್ಟುಕೊಂಡು, ಬೆರಳು ತಾಗಿಸಿದಾಗ ಹೊರಗೆ ಹಾಕುವ ಯಂತ್ರ. ಅದರ ಇತಿಹಾಸವೆಲ್ಲ ಇಕ್ಕಟ್ಟಿನ ಇತಿಹಾಸ. 1987ರಲ್ಲಿ ಇ-ಮ್ಯೂ ಕಂಪನಿ ತಂದ ಎಸ್‌ಪಿ-1200ರಲ್ಲಿ ಹಿಡಿಯುತ್ತಿದ್ದದ್ದು ಒಟ್ಟು 10 ಸೆಕೆಂಡಿನ ಸದ್ದು. ಒಂದೊಂದು ತುಣುಕು ಎರಡೂವರೆ ಸೆಕೆಂಡು ಮೀರುವಂತಿರಲಿಲ್ಲ. ಮರುವರ್ಷ ರೋಜರ್ ಲಿನ್ ವಿನ್ಯಾಸದಲ್ಲಿ ಬಂದ ಅಕಾಯ್ ಎಂಪಿಸಿ-60ರಲ್ಲಿ ಸುಮಾರು 13 ಸೆಕೆಂಡು. ನ್ಯೂಯಾರ್ಕಿನ ಹಿಪ್‌ಹಾಪ್ ಹುಡುಗರು ಇದಕ್ಕೊಂದು ಉಪಾಯ ಕಂಡುಕೊಂಡರು. 33ರ ವೇಗದ ರೆಕಾರ್ಡನ್ನು 45ರಲ್ಲಿ ಓಡಿಸಿ ಯಂತ್ರಕ್ಕೆ ತುಂಬುವುದು, ಒಳಗೆ ಹೋದ ಮೇಲೆ ಅದನ್ನು ನಿಧಾನಕ್ಕೆ ಇಳಿಸುವುದು. ಜಾಗ ಉಳಿಯಿತು, ಜೊತೆಗೆ ಸದ್ದಿಗೆ ಒಂದು ಮರಳುಮರಳಾದ ಒರಟುತನ ಬಂತು. ಇಂದು ಆ ಒರಟುತನವನ್ನೇ ದುಡ್ಡು ಕೊಟ್ಟು ಸಾಫ್ಟ್‌ವೇರಿನಲ್ಲಿ ಕೊಳ್ಳುತ್ತಾರೆ. ಅಡುಗೆಮನೆಯ ಇಕ್ಕಟ್ಟಿನಲ್ಲಿ ಹುಟ್ಟಿದ ರುಚಿ ದೊಡ್ಡ ಹೋಟೆಲಿನ ಮೆನುವಿಗೆ ಹತ್ತಿದ ಹಾಗೆ.

ಈಗ ಆವರ್ತನದ ಮಾತು. ಆದಿತಾಳದ ಎಂಟು ಅಕ್ಷರ ಮುಗಿದು ಮತ್ತೆ ಮೊದಲಿಗೆ ಬಂದಾಗ ಮರಳಿ ಬರುವುದು ಒಂದು ಜಾಗ ಮಾತ್ರ. ಆ ಜಾಗದಲ್ಲಿ ಮೃದಂಗದವರು ಏನು ನುಡಿಸುತ್ತಾರೆ ಎಂಬುದು ಪ್ರತಿ ಸಲವೂ ಹೊಸ ನಿರ್ಧಾರ. ಮುಂಬಯಿಯ ಸಭಾಗೃಹಗಳಲ್ಲಿ ಯಕ್ಷಗಾನ ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಭಾಗವತರು ಪದದ ಒಂದು ಸಾಲನ್ನು ಎತ್ತಿ ಎತ್ತಿ ಹಾಡುತ್ತಾರೆ. ಸಾಲು ಅದೇ, ಆದರೆ ವೇಷಧಾರಿಯ ಹೆಜ್ಜೆ ನೋಡಿಕೊಂಡು ಮದ್ದಳೆ, ಚೆಂಡೆಗಳು ಪ್ರತಿ ಸುತ್ತಿಗೂ ಬೇರೆ ಮಾತಾಡುತ್ತವೆ. ಲೂಪಿನಲ್ಲಿ ಹೀಗಿಲ್ಲ. ಅಲ್ಲಿ ಮರಳಿ ಬರುವುದು ಸದ್ದೇ, ಅದೇ ಉಸಿರು, ಅದೇ ಕೆಮ್ಮು, ಅದೇ ಅರೆಕ್ಷಣದ ತಡ. ಆವರ್ತನ ಕಲಾವಿದನಿಗೆ ಮತ್ತೊಂದು ಅವಕಾಶ ಕೊಡುತ್ತದೆ. ಲೂಪು ಕೊಟ್ಟುಬಿಟ್ಟ ಮಾತನ್ನು ಹಿಡಿದು ನಿಲ್ಲಿಸುತ್ತದೆ.

ಹಾಗೆಂದು ಲೂಪು ಕೀಳು ಎಂದಲ್ಲ. ಲೂಪನ್ನು ಕಲೆಯಾಗಿಸಿದವರು ಈ ಕಟ್ಟಿಹಾಕುವ ಗುಣವನ್ನೇ ಎದುರು ಹಾಕಿಕೊಂಡರು ಎಂಬುದನ್ನು ನೋಡಬೇಕು. 1964ರಲ್ಲಿ ಸ್ಟೀವ್ ರೈಕ್ ಸ್ಯಾನ್ ಫ್ರಾನ್ಸಿಸ್ಕೋದ ಯೂನಿಯನ್ ಸ್ಕ್ವೇರಿನಲ್ಲಿ ಪ್ರಳಯದ ಕಥೆ ಹೇಳುತ್ತಿದ್ದ ಒಬ್ಬ ಬೀದಿ ಬೋಧಕನ ದನಿಯನ್ನು ಟೇಪಿನಲ್ಲಿ ಹಿಡಿದರು. ಒಂದೇ ತುಣುಕಿನ ಎರಡು ಲೂಪುಗಳನ್ನು ಎರಡು ಯಂತ್ರಗಳಲ್ಲಿ ಹಾಕಿದಾಗ ಅವು ಒಂದೇ ವೇಗದಲ್ಲಿ ಓಡದೆ ಮೆಲ್ಲಗೆ ಒಂದರಿಂದೊಂದು ಜಾರತೊಡಗಿದವು. ಆ ಜಾರುವಿಕೆಯೇ 1965ರ ‘ಇಟ್ಸ್ ಗೋನ್ನ ರೇನ್’ ಕೃತಿಯಾಯಿತು. ರಾಬರ್ಟ್ ಫ್ರಿಪ್ ಮತ್ತು ಬ್ರಯಾನ್ ಈನೋ 1973ರ ‘ನೋ ಪುಸಿಫೂಟಿಂಗ್’ನಲ್ಲಿ ಎರಡು ಟೇಪ್ ಯಂತ್ರಗಳ ನಡುವೆ ಒಂದೇ ಟೇಪನ್ನು ಓಡಿಸಿದರು. ಗಿಟಾರಿನ ಸ್ವರ ಸುತ್ತಿ ಬರುವಾಗ ಪ್ರತಿ ಸಲವೂ ಒಂದಿಷ್ಟು ಸವೆದು, ಮಸುಕಾಗಿ, ಕೊನೆಗೆ ಕರಗಿಹೋಗುತ್ತಿತ್ತು. ಟೇಪಿಗೆ ಮರೆವು ಇತ್ತು. ಹಳೆಯದು ತಾನಾಗಿ ಹಿಂದೆ ಸರಿದು ಹೊಸದಕ್ಕೆ ಜಾಗ ಬಿಡುತ್ತಿತ್ತು.

ಇಂದಿನ ಡಿಜಿಟಲ್ ಪೆಟ್ಟಿಗೆಗೆ ಆ ಮರೆವು ತಾನಾಗಿ ಬರುವುದಿಲ್ಲ. ನೂರನೆಯ ಸುತ್ತು ಮೊದಲನೆಯ ಸುತ್ತಿನಷ್ಟೇ ಸ್ವಚ್ಛ. ಆದ್ದರಿಂದಲೇ ನಾವು ಕೇಳುವ ಹೆಚ್ಚಿನ ಲೂಪಿಂಗ್ ಪ್ರದರ್ಶನಗಳಿಗೆಲ್ಲ ಒಂದೇ ಆಕಾರ: ಮೆಟ್ಟಿಲು. ತಾಳ, ಬೇಸ್, ಗುನುಗು, ಇನ್ನೊಂದು ಗುನುಗು. ಹತ್ತಿದ್ದೇ ಹತ್ತಿದ್ದು. ಮೇಲೆ ಹೋದವರಿಗೆ ಇಳಿಯುವ ದಾರಿ ಗೊತ್ತಿಲ್ಲದೆ, ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿ ಕೈಮುಗಿಯುತ್ತಾರೆ. “ಒಬ್ಬನೇ ಇಡೀ ಬ್ಯಾಂಡು” ಎಂದು ಹೊಗಳುವ ನಾವು ಈ ಮೆಟ್ಟಿಲನ್ನೇ ಸಾಧನೆ ಎಂದು ತಿಳಿದಿದ್ದೇವೆ. ನಿಜವಾದ ಬ್ಯಾಂಡಿನಲ್ಲಿ ಆರು ಜನರಿದ್ದರೆ ನಾಲ್ವರು ಯಾವಾಗ ಸುಮ್ಮನಿರಬೇಕು ಎಂಬುದೇ ಸಂಗೀತದ ಅರ್ಧ.

ಪೆಟ್ಟಿಗೆಯ ಕೆಲಸದ ಕ್ರಮವನ್ನು ವಿಮರ್ಶಕರೂ ತಿಳಿದಿರಬೇಕು ಎನ್ನುವುದು ಇದಕ್ಕೇ. ರೋಲಂಡ್ ಕಂಪನಿಯ ಎಸ್‌ಪಿ-404 ಎಂಕೆ2 (2021) ಇಂದು ನಮ್ಮ ಹುಡುಗರು ಹುಡುಗಿಯರು ಆಸೆಪಡುವ ಯಂತ್ರಗಳಲ್ಲೊಂದು. ಅದರ ಎರಡು ಗುಣಗಳನ್ನು ನೋಡಿ. ಒಂದು, ರೀಸ್ಯಾಂಪ್ಲಿಂಗ್. ನಾಲ್ಕು ಪ್ಯಾಡುಗಳ ಸದ್ದನ್ನು ಒಟ್ಟಿಗೆ ನುಡಿಸಿ, ಎಫೆಕ್ಟಿನ ಮೂಲಕ ಹಾಯಿಸಿ, ಬಂದದ್ದನ್ನು ಐದನೆಯ ಪ್ಯಾಡಿಗೆ ಹಿಡಿಯಬಹುದು. ಹಾಗೆ ಬೆರೆತ ಆ ಐದನೆಯದರೊಳಗಿಂದ ಬೇಸನ್ನು ಮಾತ್ರ ಹೊರತೆಗೆಯುವುದು ಸಾಧ್ಯವಿಲ್ಲ. ಹುಣಸೆ ಹಿಂಡಿಯಾಯಿತು, ಇನ್ನು ಸಾರು ಅದೇ. ಕಂಪ್ಯೂಟರಿನಲ್ಲಿ ಪ್ರತಿ ಪದರವೂ ಬೇರೆ ಬೇರೆ ಉಳಿಯುತ್ತದೆ, ಯಾವ ನಿರ್ಧಾರವನ್ನೂ ನಾಳೆಗೆ ಮುಂದೂಡಬಹುದು. ಇಲ್ಲಿ ಕೇಳುತ್ತ ಕೇಳುತ್ತಲೇ ನಿರ್ಧರಿಸಬೇಕು. ಇನ್ನೊಂದು, ಸ್ಕಿಪ್ ಬ್ಯಾಕ್. ರೆಕಾರ್ಡಿನ ಗುಂಡಿ ಒತ್ತಿರದಿದ್ದರೂ, ಈಗಷ್ಟೇ ನುಡಿಸಿದ ಸುಮಾರು 25 ಸೆಕೆಂಡನ್ನು ಹಿಂದಿರುಗಿ ಹಿಡಿಯಬಹುದು. ರೆಕಾರ್ಡಿಂಗಿನ ಅರಿವಿಲ್ಲದೆ ಬಂದ ಒಳ್ಳೆಯ ಕ್ಷಣಕ್ಕೆ ಇದೊಂದು ಬಲೆ. ಮೊದಲನೆಯದು ಬಿಡುವುದನ್ನು ಕಲಿಸುತ್ತದೆ, ಎರಡನೆಯದು ಹಿಡಿಯುವುದನ್ನು. ಎರಡನ್ನೂ ವೇದಿಕೆಯ ಮೇಲೆ ಬಳಸುವವರ ಆಕಾರ ಮೆಟ್ಟಿಲಾಗಿ ಉಳಿಯುವುದಿಲ್ಲ. ಹಿಂದಿನ ಸುತ್ತು ಮುಂದಿನ ಸುತ್ತಿನಲ್ಲಿ ಚೂರಾಗಿ, ತಿರುಗುಮುರುಗಾಗಿ ಬರುತ್ತದೆ.

ಒಳ್ಳೆಯ ಉದಾಹರಣೆಗೆ ಇಂಥ ದೊಡ್ಡ ಸೌಕರ್ಯವೂ ಬೇಕಿಲ್ಲ. 2004ರಲ್ಲಿ ಕೆ.ಟಿ. ಟನ್‌ಸ್ಟಲ್ ಎಂಬ ಸ್ಕಾಟ್ಲೆಂಡಿನ ಗಾಯಕಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಒಂದು ಗಿಟಾರು, ಕಾಲಡಿಯಲ್ಲಿ ಒಂದು ಲೂಪ್ ಪೆಡಲು ಹಿಡಿದು ಹಾಡಿದರು. ಗಿಟಾರಿನ ಮೈಮೇಲಿನ ತಟ್ಟು, ಟ್ಯಾಂಬೊರಿನಿನ ಸದ್ದು, ಹಿನ್ನೆಲೆಯ ಒಂದು ಕೂಗು, ಲೂಪಿಗೆ ಹೋದದ್ದು ಇಷ್ಟೇ. ಕಥೆ ಹೇಳುವ ಸಾಲುಗಳನ್ನೆಲ್ಲ ಆಗಿಂದಾಗ್ಗೆ ಹಾಡಿದರು. ಲೂಪು ನೆಲವಾಯಿತು, ನಡೆದದ್ದು ಹಾಡು. ಇದನ್ನು ನಮ್ಮ ಕಚೇರಿಯೊಂದಿಗೆ ಹೋಲಿಸುವುದಾದರೆ ತಾಳಕ್ಕಿಂತ ಶ್ರುತಿ ಹತ್ತಿರದ ಹೋಲಿಕೆ. ಬೆಂಗಳೂರಿನ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳು ವೇದಿಕೆ ಹತ್ತಿ ದಶಕಗಳಾದವು. ಕಚೇರಿಯುದ್ದಕ್ಕೂ ಅದು ಬದಲಾಗದೆ ನುಡಿಯುತ್ತದೆ, ಅದಕ್ಕಾಗಿ ಯಾರೂ ಗಾಯಕರನ್ನು ಹೊಗಳುವುದಿಲ್ಲ. ಯಂತ್ರದ್ದು ಯಂತ್ರಕ್ಕೆ, ಮನುಷ್ಯರದ್ದು ಮನುಷ್ಯರಿಗೆ ಎಂದು ಬೇರ್ಪಡಿಸಿ ಕೇಳಲು ನಮ್ಮ ಕಿವಿಗೆ ಅಲ್ಲಿ ಬರುತ್ತದೆ. ಲೂಪಿಂಗಿನ ಮುಂದೆ ಮಾತ್ರ ಅದನ್ನು ಮರೆತು ಕೂರುತ್ತೇವೆ.

ತಾಳದ ಹೋಲಿಕೆ ನಿಜಕ್ಕೂ ಕೆಲಸಕ್ಕೆ ಬರುವ ಒಂದು ಜಾಗವಿದೆ. ಲಿನ್ ಅವರ ಯಂತ್ರಗಳಲ್ಲಿ ‘ಸ್ವಿಂಗ್’ ಎಂಬ ಒಂದು ಅಂಕಿಯಿದೆ, 50ರಿಂದ 75ರವರೆಗೆ. ಒಂದು ಜೋಡಿ ಪೆಟ್ಟಿನ ಒಟ್ಟು ಕಾಲದಲ್ಲಿ ಮೊದಲನೆಯ ಪೆಟ್ಟಿಗೆ ಶೇಕಡಾ ಎಷ್ಟು ಪಾಲು ಎಂಬುದನ್ನು ಅದು ಹೇಳುತ್ತದೆ. 50 ಎಂದರೆ ಸಮಪಾಲು, ನಮ್ಮ ಚತುರಶ್ರ ಗತಿಯ ಸಮ ನಡಿಗೆ. 66 ಎಂದರೆ ಮೂರರಲ್ಲಿ ಎರಡು ಪಾಲು ಮೊದಲನೆಯದಕ್ಕೆ, ತಿಸ್ರದ ಓಲಾಟ. ನಡುವಿನ 54ರಂಥ ಅಂಕಿಯಲ್ಲಿ ನಡಿಗೆ ಸ್ವಲ್ಪ ಕುಂಟುತ್ತದೆ, ಆದರೆ ಯಾವ ಗತಿ ಎಂದು ಬೆರಳೆಣಿಸಿ ಹೇಳುವುದು ಕಷ್ಟ. ಡೆಟ್ರಾಯಿಟ್ಟಿನ ಜೆ ಡಿಲ್ಲಾ ತಮ್ಮ ಎಂಪಿಸಿಯಲ್ಲಿ ಇನ್ನೂ ಮುಂದೆ ಹೋದರು. ಒಂದು ವಾದ್ಯ ಸಮಗತಿಯಲ್ಲಿ, ಇನ್ನೊಂದು ಓಲಾಟದಲ್ಲಿ, ಮತ್ತೊಂದು ತುಸು ಮುಂಚೆ ಬೀಳುವಂತೆ ಜೋಡಿಸಿದರು. ಹಾಗಾಗಿ ಅವರ ಲೂಪು ಸುತ್ತುತ್ತಿದ್ದರೂ ಅದರೊಳಗೆ ಒಂದು ವಾಗ್ವಾದ ನಡೆಯುತ್ತಿರುತ್ತದೆ, ಕಿವಿ ಬೇಸರಪಡುವುದಿಲ್ಲ. ಅವರ ಎಂಪಿಸಿ-3000 ಈಗ ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿದೆ.

ಡಿಲ್ಲಾ ಬಗ್ಗೆ ಒಂದು ದಂತಕಥೆಯೂ ಇದೆ. ‘ಡೋನಟ್ಸ್’ ಆಲ್ಬಂ 2006ರ ಫೆಬ್ರವರಿ 7ರಂದು, ಅವರ 32ನೆಯ ಹುಟ್ಟುಹಬ್ಬದಂದು ಬಂತು. ಮೂರು ದಿನದಲ್ಲಿ ಅವರು ತೀರಿಕೊಂಡರು. ಇಡೀ ಆಲ್ಬಮನ್ನು ಆಸ್ಪತ್ರೆಯ ಹಾಸಿಗೆಯಲ್ಲೇ, ಒಂದು ಪುಟ್ಟ ಸ್ಯಾಂಪ್ಲರಿನಲ್ಲಿ ಕಟ್ಟಿದರು ಎಂಬ ಮಾತು ಜಗತ್ತೆಲ್ಲ ಸುತ್ತಿತು. ಡ್ಯಾನ್ ಚಾರ್ನಸ್ 2022ರ ‘ಡಿಲ್ಲಾ ಟೈಮ್’ ಪುಸ್ತಕದಲ್ಲಿ ಇದನ್ನು ತಿದ್ದುತ್ತಾರೆ: ಹೆಚ್ಚಿನ ಕೆಲಸ ಅದಕ್ಕೆ ಮೊದಲೇ, ಮನೆಯಲ್ಲಿ, ಕಂಪ್ಯೂಟರಿನಲ್ಲಿ ನಡೆದಿತ್ತು. ಇದರಿಂದ ಆಲ್ಬಂ ಚಿಕ್ಕದಾಗುವುದಿಲ್ಲ. ಯಂತ್ರಕ್ಕೆ ನಾವು ಕಟ್ಟುವ ಗುಡಿ ಮಾತ್ರ ಚಿಕ್ಕದಾಗುತ್ತದೆ. ಒಂದು ತಿಂಗಳ ಬಾಡಿಗೆಯಷ್ಟು ಬೆಲೆಯ ಪೆಟ್ಟಿಗೆ ಕೊಂಡ ಮಾತ್ರಕ್ಕೆ ಕಿವಿ ಬರುವುದಿಲ್ಲ ಎಂಬುದನ್ನು ನಮ್ಮಂಥ ಸಂಬಳದವರು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ, ಹೊರನಾಡಿನಲ್ಲಿರುವ ನಮಗೇ ಸೇರಿದ ಒಂದು ವಿಷಯ. ಇತ್ತೀಚೆಗೆ ನಮ್ಮವರು ಮಾಡುವ ಲೂಪುಗಳಲ್ಲಿ ಊರು ಬಹಳ ಕೇಳಿಬರುತ್ತದೆ. ಅಜ್ಜಿಯ ಮಾತು, ರುಬ್ಬುಗುಂಡಿನ ಸದ್ದು, ದೇವಸ್ಥಾನದ ಗಂಟೆ, ಹಂಚಿನ ಮೇಲಿನ ಮಳೆ. ರಜೆಯಲ್ಲಿ ಊರಿಗೆ ಹೋದಾಗ ಫೋನಿನಲ್ಲಿ ಹಿಡಿದು ತಂದು, ಇಲ್ಲಿನ ಬಾಡಿಗೆ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಪ್ಯಾಡಿಗೆ ತುಂಬುತ್ತಾರೆ. ಇದರ ಹಿಂದಿನ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಅಜ್ಜಿಯ ಒಂದು ವಾಕ್ಯ ನಾಲ್ಕು ಅಕ್ಷರಕ್ಕೆ ಕತ್ತರಿಸಿ ಅರವತ್ತು ಸಲ ಸುತ್ತಿದಾಗ ಅದು ಅಜ್ಜಿಯ ಮಾತಾಗಿ ಉಳಿಯುತ್ತದೆಯೇ? ಅವರು ಹೇಳಹೊರಟದ್ದು ವಾಕ್ಯದ ಕೊನೆಯಲ್ಲಿತ್ತು. ಊರು ಬದಲಾಗುತ್ತಿದೆ, ರುಬ್ಬುಗುಂಡು ಮೂಲೆ ಸೇರಿದೆ. ನಮ್ಮ ಪ್ಯಾಡಿನಲ್ಲಿ ಮಾತ್ರ ಅದು ಇನ್ನೂ ತಿರುಗುತ್ತಿದೆ. ಹಂಬಲ ಸಹಜವಾಗಿಯೇ ಲೂಪಿನ ಆಕಾರದ್ದು. ಅದಕ್ಕೆ ಯಂತ್ರವೂ ಕೈಜೋಡಿಸಿದರೆ ಊರು ಒಂದು ಮಸಾಲೆಪುಡಿಯಾಗಿಬಿಡುತ್ತದೆ.

ಸದ್ದಿಗೆ ಒಡೆಯರಿದ್ದಾರೆ ಎಂಬುದನ್ನು ಈ ಕಲೆಯ ಇತಿಹಾಸವೇ ನೆನಪಿಸುತ್ತದೆ. 1969ರಲ್ಲಿ ‘ದಿ ವಿನ್‌ಸ್ಟನ್ಸ್’ ತಂಡದ ಗ್ರೆಗರಿ ಕೋಲ್ಮನ್ ನುಡಿಸಿದ ಏಳು ಸೆಕೆಂಡಿನೊಳಗಿನ ಡ್ರಮ್ ತುಣುಕು, ‘ಏಮೆನ್ ಬ್ರೇಕ್’, ಸಾವಿರಾರು ಹಾಡುಗಳಲ್ಲಿ ಸುತ್ತಿದೆ. ಅದರ ಪಾಲಿನ ಒಂದು ಕಾಸೂ ಕಾಣದೆ ಕೋಲ್ಮನ್ 2006ರಲ್ಲಿ ತೀರಿಕೊಂಡರು. ನಮ್ಮ ಕಡೆಯ ನೆನಪೂ ಇದೆ. 1981ರ ‘ಜ್ಯೋತಿ’ ಚಿತ್ರಕ್ಕೆ ಲತಾ ಹಾಡಿದ, ಬಪ್ಪಿ ಲಾಹಿರಿ ಸಂಗೀತದ ಹಾಡೊಂದು 2002ರಲ್ಲಿ ‘ಅಡಿಕ್ಟಿವ್’ ಎಂಬ ಅಮೆರಿಕನ್ ಹಾಡಿನ ಬೆನ್ನೆಲುಬಾಯಿತು. ಲಾಹಿರಿಯವರ ಹೆಸರು ಹಾಕದೆ ಸಿಡಿ ಮಾರಬಾರದೆಂದು ಲಾಸ್ ಏಂಜಲೀಸಿನ ನ್ಯಾಯಾಲಯ ಹೇಳಬೇಕಾಯಿತು. ಅಜ್ಜಿ ನ್ಯಾಯಾಲಯಕ್ಕೆ ಹೋಗುವುದಿಲ್ಲ. ಆದ್ದರಿಂದಲೇ ಅವರ ದನಿ ಹಿಡಿಯುವವರು ಕೇಳಿ ಹಿಡಿಯಬೇಕು, ಕಟ್ಟಿದ್ದನ್ನು ಅವರಿಗೂ ಕೇಳಿಸಬೇಕು.

ಬೇರೆ ದಾರಿಯಿಲ್ಲವೆಂದಲ್ಲ. ಮ್ಯಾಡ್‌ಲಿಬ್ ಎಂಬ ಅಮೆರಿಕನ್ ಸಂಗೀತಗಾರರು 2007ರಲ್ಲಿ ಹಿಂದಿ ಸಿನಿಮಾ ರೆಕಾರ್ಡುಗಳಿಂದ ‘ಬೀಟ್ ಕಂಡಕ್ಟಾ ಇನ್ ಇಂಡಿಯಾ’ ಎಂಬ ಆಲ್ಬಂ ಮಾಡಿದರು. 30ಕ್ಕೂ ಹೆಚ್ಚು ಪುಟ್ಟ ಪುಟ್ಟ ತುಣುಕುಗಳು. ಕೆಲವು ಬರೀ ಒಗ್ಗರಣೆ. ಚೆನ್ನಾಗಿರುವವು, ನಾವು ಗುರುತು ಹಿಡಿದು ಖುಷಿಪಡುವ ಮೊದಲೇ ಮುಗಿದುಹೋಗುತ್ತವೆ. ಹಳೆಯ ಪರಿಚಯವನ್ನು ನೆಚ್ಚಿಕೊಂಡು ಕೂರಲು ಬಿಡುವುದಿಲ್ಲ. ನಮ್ಮವರೂ ಇದನ್ನು ಮಾಡಬಹುದು. ಅಜ್ಜಿಯ ಮಾತನ್ನು ಒಂದೇ ಸಲ, ಪೂರ್ತಿಯಾಗಿ ಬಿಡಿ. ಸುತ್ತುವುದಕ್ಕೆ ನಿಮ್ಮದೇ ಚಪ್ಪಾಳೆ, ನಿಮ್ಮದೇ ಉಸಿರು ಸಾಕು.

ಮುಂದಿನ ಸಲ ಇಂಥ ಪ್ರದರ್ಶನಕ್ಕೆ ಹೋದಾಗ ಎಷ್ಟು ಪದರ ಹಾಕಿದರು ಎಂದು ಎಣಿಸಬೇಡಿ. ಯಾವ ಪದರವನ್ನು ತೆಗೆದರು, ಯಾಕೆ ತೆಗೆದರು ಎಂದು ಕೇಳಿಸಿಕೊಳ್ಳಿ. ತೆಗೆದಾಗ ಉಳಿದದ್ದು ಬೇರೆಯಾಗಿ ಕೇಳಿಸಿತೇ ಎಂದು ನೋಡಿ. ಕಲಾವಿದರು ಪರಿಚಿತರಾದರೆ, ಆಟ ಮುಗಿದ ಮೇಲೆ ಚಹಾ ಕುಡಿಯುತ್ತ ಈ ಪ್ರಶ್ನೆಯನ್ನೇ ಕೇಳಿ. “ಒಬ್ಬನೇ ಇಡೀ ಬ್ಯಾಂಡು” ಎಂಬ ಹೊಗಳಿಕೆಗಿಂತ ಅದು ಅವರಿಗೆ ಹೆಚ್ಚು ಉಪಯೋಗಕ್ಕೆ ಬಂದೀತು.